ಸಂಪಾದಕರ ಉತ್ತರ: ಸಮಾಧಿಗೆ ಹೋದ ದಿನ ಗಾಳಿಪಟವೇಕೆ?

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ನಾವು ಛಿಂಗ್‌ಮಿಂಗ್ ಆಚರಣೆಯನ್ನು ‘ಚೀನೀಯರ ಪಿತೃಪಕ್ಷ’ ಎಂದು ಕರೆದದ್ದನ್ನು ಓದಿ ತಾವು ಎರಡು ಪ್ರಶ್ನೆ ಕೇಳಿದ್ದೀರಿ: ಚಾಂದ್ರಮಾನದಂತೆ ಹಬ್ಬ ಮಾಡುವವರಿಗೆ ಇದೊಂದು ಮಾತ್ರ ಪ್ರತಿವರ್ಷ ಏಪ್ರಿಲ್ ಮೊದಲ ವಾರದಲ್ಲೇ ಬರುವುದು ಹೇಗೆ, ಹಿರಿಯರ ಸಮಾಧಿಗೆ ಹೋದ ದಿನವೇ ಗಾಳಿಪಟ ಹಾರಿಸುವುದು ಎಂಥ ಶ್ರದ್ಧೆ ಎಂದು.

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಚೀನೀ ಪಂಚಾಂಗದಲ್ಲಿ ಚಂದ್ರನ ತಿಂಗಳುಗಳ ಜೊತೆಗೆ, ಸೂರ್ಯನ ಗತಿಯನ್ನು ಹಿಡಿದು ವರ್ಷವನ್ನು 24 ಭಾಗ ಮಾಡುವ ಲೆಕ್ಕವೂ ಇದೆ. ವಸಂತ ವಿಷುವ ಕಳೆದು ಸುಮಾರು 15 ದಿನಕ್ಕೆ ಬರುವ ಛಿಂಗ್‌ಮಿಂಗ್ ಅದಕ್ಕೆ ಸೇರಿದ್ದು. ನಮ್ಮ ಮಕರ ಸಂಕ್ರಾಂತಿ ಜನವರಿಯ ನಡುವೆ ನಿಂತಂತೆ ಇದು ಏಪ್ರಿಲ್ 4ರಿಂದ 6ರೊಳಗೆ ಬರುತ್ತದೆ.

ಎರಡನೆಯ ಪ್ರಶ್ನೆಯನ್ನು ತಮಗಿಂತ ಮೊದಲೇ ಚೀನಾದ ತಾಂಗ್ ರಾಜವಂಶದ ಆಸ್ಥಾನವೂ ಕೇಳಿಕೊಂಡಿತ್ತು. ಒಲೆ ಹಚ್ಚದೆ ತಣ್ಣನೆಯ ಊಟ ಮಾಡುವ ಹಾನ್‌ಷಿ ಹಬ್ಬ ಛಿಂಗ್‌ಮಿಂಗ್‌ಗೆ ತಾಗಿಯೇ ಬರುತ್ತಿತ್ತು. ಅಂದು ಸಮಾಧಿಗೆ ಹೋಗುವ ರೂಢಿಗೆ ಶಾಸ್ತ್ರಗ್ರಂಥಗಳಲ್ಲಿ ಆಧಾರವಿಲ್ಲವೆಂದು ಒಪ್ಪಿಕೊಂಡೇ ಚಕ್ರವರ್ತಿ ಷ್ವಾನ್‌ಝೋಂಗ್ 732ರಲ್ಲಿ ಅದಕ್ಕೆ ಅನುಮತಿ ಕೊಟ್ಟನು. ಪೂರ್ವಜರ ಗುಡಿಯಲ್ಲಿ ಪೂಜಿಸುವ ಅಧಿಕಾರವಿಲ್ಲದ ಮನೆಗಳವರು ತಮ್ಮ ಭಕ್ತಿಯನ್ನು ಇನ್ನೆಲ್ಲಿ ತೋರಿಸಬೇಕು ಎಂಬುದು ಆ ಆಜ್ಞೆಯ ವಾದ. ಎಡೆ ಇಟ್ಟು, ಅತ್ತು ಬೀಳ್ಕೊಂಡು, ಉಳಿದ ಊಟವನ್ನು ಬೇರೆಡೆ ಮಾಡಬೇಕು, ಹಾಡು ವಾದ್ಯ ಕೂಡದು ಎಂದೂ ಅದು ವಿಧಿಸಿತು. ಆದರೂ ಮುಂದೆ ಸೋಂಗ್ ರಾಜವಂಶದ ಕಾಲದ ರಾಜಧಾನಿ ಕೈಫೆಂಗ್‌ನಲ್ಲಿ ಛಿಂಗ್‌ಮಿಂಗ್ ದಿನ ಊರಾಚೆಯ ಬಯಲು ಸಂತೆಯಂತೆ ತುಂಬಿ, ಮರಗಳ ನೆರಳಿನಲ್ಲಿ ಜನ ತಟ್ಟೆ ಬಟ್ಟಲು ಹರಡಿ ಕೂರುತ್ತಿದ್ದರು. ಚಳಿ ಕಳೆದು ಹೊಲ ಹಸಿರಾದಾಗ ಮನೆಮಂದಿಯೆಲ್ಲ ಊರಾಚೆ ಹೋದ ಮೇಲೆ, ಮಕ್ಕಳ ಕೈಯಲ್ಲಿ ಗಾಳಿಪಟ ಬರುವುದು ನನಗೆ ಅಶ್ರದ್ಧೆಯಾಗಿ ಕಾಣುವುದಿಲ್ಲ.

ಶ್ರದ್ಧೆ ಇರುವುದು ಅದಕ್ಕೆ ಮೊದಲು ನಡೆಯುವ ಕೆಲಸದಲ್ಲಿ. ಸಮಾಧಿಯ ದಿಬ್ಬದ ಕಳೆ ಕಿತ್ತು, ಮಳೆಗೆ ಕುಸಿದಲ್ಲಿ ಹೊಸ ಮಣ್ಣು ಹಾಕಿ, ಕಲ್ಲಿನಲ್ಲಿ ಕೊರೆದ ಹೆಸರಿನ ಅಕ್ಷರಗಳಿಗೆ ಕುಂಚದಿಂದ ಮತ್ತೆ ಬಣ್ಣ ತುಂಬುತ್ತಾರೆ. ಊದುಬತ್ತಿ ಹಚ್ಚಿ, ಮದ್ಯ, ಹಣ್ಣು, ಅಡುಗೆಯ ಎಡೆ ಇಟ್ಟು, ಕಾಗದದ ಹಣವನ್ನು ಸುಡುತ್ತಾರೆ. ಶಾಂಘೈ, ಸುಝೌ ಕಡೆ ಮಾಚಿಪತ್ರೆಯ ಜಾತಿಯ ಸೊಪ್ಪಿನ ರಸ ಕಲಸಿದ ಅಂಟಕ್ಕಿ ಹಿಟ್ಟಿನೊಳಗೆ ಸಿಹಿ ಹೂರಣ ತುಂಬಿ, ಹಬೆಯಲ್ಲಿ ಬೇಯಿಸಿದ ಹಸಿರು ಉಂಡೆ ಮಾಡುತ್ತಾರೆ. ಅದನ್ನು ಆರಿದ ಮೇಲೂ ತಿನ್ನಬಹುದಾದ್ದರಿಂದ ಒಲೆ ಹಚ್ಚದ ದಿನಕ್ಕೆ ಒದಗುತ್ತಿತ್ತು.

ಪಿತೃಪಕ್ಷದಲ್ಲಿ ನಾವು ಹಿರಿಯರನ್ನು ಕರೆದು ತರ್ಪಣ ಕೊಡುತ್ತೇವೆ. ಛಿಂಗ್‌ಮಿಂಗ್‌ನಲ್ಲಿ ಮನೆಯವರೇ ಹಿರಿಯರಿದ್ದಲ್ಲಿಗೆ ಹೋಗುತ್ತಾರೆ. ಆದ್ದರಿಂದ ನಮ್ಮ ಹೋಲಿಕೆ ಅವಸರದ್ದಾಯಿತು. ಹೊರಡುವ ಮುನ್ನ ಎಷ್ಟೋ ಕಡೆ ದಿಬ್ಬದ ಮೇಲೆ ಕಾಗದದ ಹಾಳೆಗಳನ್ನಿಟ್ಟು, ಗಾಳಿಗೆ ಹಾರದಂತೆ ಕಲ್ಲು ಹೇರುತ್ತಾರೆ. ಈ ಸಮಾಧಿಗೆ ಬರುವ ಮಕ್ಕಳು ಮೊಮ್ಮಕ್ಕಳಿದ್ದಾರೆ ಎಂದು ಅದರಿಂದ ದಾರಿಹೋಕರಿಗೂ ತಿಳಿಯುತ್ತದೆ.

– ಸಂಪಾದಕ