ಕಪ್ಪಿಗೆ ಕಪ್ಪು ಕೂಡಿದರೆ ಕಂದು?

ಪ್ರಶ್ನೆ: ‘ಬ್ಲ್ಯಾಕ್’ ತಳಿಯ ಹೆಣ್ಣು ಹಣ್ಣುನೊಣಗಳನ್ನು ‘ಎಬೊನಿ’ ತಳಿಯ ಗಂಡುಗಳ ಜೊತೆ ಬಿಟ್ಟೆವು. ಎರಡೂ ಕಪ್ಪು, ಹುಟ್ಟಿದ್ದೆಲ್ಲ ಮಾಮೂಲಿ ಕಂದು! ಆ ಕಂದು ನೊಣಗಳನ್ನೇ ತಮ್ಮತಮ್ಮಲ್ಲಿ ಕೂಡಿಸಿದಾಗ 162 ಕಂದು, 118 ಕಪ್ಪು ಬಂದವು. ತಳಿವಿಜ್ಞಾನಿ ಮೆಂಡೆಲ್‌ನ 3:1 (ಮೂರು ಕಂದಿಗೆ ಒಂದು ಕಪ್ಪು) ಎಲ್ಲಿ? ಬೇರೆ ನೊಣ ಸೇರಿಕೊಂಡವೇ?

ಉತ್ತರ: ನಿಮ್ಮ ಲೆಕ್ಕ ಚೆನ್ನಾಗಿಯೇ ಬಂದಿದೆ. ತಮ್ಮ ಬಾಟಲಿಯ ಗಂಡಿನೊಡನೆ ಮೊದಲೇ ಕೂಡಿದ್ದ ಹೆಣ್ಣುಗಳನ್ನು ಬಳಸಿದ್ದರೆ ಮೊದಲ ಪೀಳಿಗೆಯಲ್ಲೇ ಕಪ್ಪು ನೊಣ ಕಾಣುತ್ತಿದ್ದವು. (25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪ್ಯೂಪಾ ಕೋಶದಿಂದ ಹೊರಬಂದ ಎಂಟು ಗಂಟೆಯೊಳಗೆ ಹೆಣ್ಣುಗಳನ್ನು ಬೇರೆ ಮಾಡುವುದು ಇದಕ್ಕೇ.)

ಕಂದು ಬಣ್ಣಕ್ಕೆ ಎರಡು ಕೆಲಸ ಆಗಬೇಕು. ಎರಡನೇ ವರ್ಣತಂತುವಿನ ಬ್ಲ್ಯಾಕ್ ಜೀನ್ ಬೀಟಾ-ಅಲನಿನ್ ಎಂಬ ಅಮೈನೋ ಆಮ್ಲ ತಯಾರಿಸುವ ಕಿಣ್ವ ಕೊಡುತ್ತದೆ. ಮೂರನೇ ವರ್ಣತಂತುವಿನ ಎಬೊನಿ ಜೀನಿನ ಕಿಣ್ವ ಆ ಬೀಟಾ-ಅಲನಿನ್ನನ್ನು ನೊಣದ ದೇಹದಲ್ಲಿರುವ ಡೋಪಮೈನ್ ಎಂಬ ರಾಸಾಯನಿಕಕ್ಕೆ ಬೆಸೆಯುತ್ತದೆ. ಬೆಸೆದ ವಸ್ತುವಿನಿಂದ ಹೊರಕವಚಕ್ಕೆ ತಿಳಿಗಂದು ಬಣ್ಣ. ಒಂದು ಕೆಲಸ ಕೆಟ್ಟರೂ ಡೋಪಮೈನ್ ಮಿಕ್ಕು ಕಪ್ಪು ಮೆಲನಿನ್‌ನ ದಾರಿ ಹಿಡಿಯುತ್ತದೆ. ಬ್ಲ್ಯಾಕ್ ನೊಣದಲ್ಲಿ ಸಾಮಗ್ರಿಯೇ ಇಲ್ಲ, ಎಬೊನಿಯಲ್ಲಿ ಬೆಸೆಯುವ ಕೈ ಇಲ್ಲ. ಬೀಟಾ-ಅಲನಿನ್ ಚುಚ್ಚಿಕೊಟ್ಟರೆ ಬ್ಲ್ಯಾಕ್ ನೊಣದ ಬಣ್ಣ ಸರಿಹೋಗುತ್ತದೆ, ಎಬೊನಿಯದು ಹೋಗದು!

ಮೊದಲ ಪೀಳಿಗೆಯಲ್ಲಿ ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಿದರು. ಪ್ರತಿ ಜೀನಿಗೂ ತಾಯಿಯಿಂದೊಂದು, ತಂದೆಯಿಂದೊಂದು ಪ್ರತಿ ಬರುತ್ತದೆ; ಒಂದು ಸರಿಯಿದ್ದರೆ ಸಾಕು. ಎರಡನೆಯದರಲ್ಲಿ ಒಂದು ಜೀನಿಗೆ ಅದು ಸಿಗುವುದು 4ರಲ್ಲಿ 3ಕ್ಕೆ, ಹಾಗಾಗಿ ಎರಡೂ ಜೀನುಗಳ ಒಂದೊಂದಾದರೂ ಸರಿಯಾದ ಪ್ರತಿ ಸಿಗುವುದು 16ರಲ್ಲಿ 9ಕ್ಕೆ. ಉಳಿದ 7 ಕಪ್ಪು. ನಿಮ್ಮ 280ಕ್ಕೆ 9:7 ಹಚ್ಚಿದರೆ 157.5 ಮತ್ತು 122.5, ಕೈ-ವರ್ಗ (ಎಣಿಕೆ ನಿರೀಕ್ಷೆಯಿಂದ ಎಷ್ಟು ದೂರ ಎಂಬ ಅಳತೆ) ಬರೇ 0.29; 3.84 ಮೀರಿದರೆ ಮಾತ್ರ ಅನುಪಾತ ಹೊಂದದು ಎನ್ನುತ್ತೇವೆ. 3:1 ಹಚ್ಚಿದರೆ ಅದೇ ಬೆಲೆ 44ರ ಹತ್ತಿರ!

ಎಣಿಸುವಾಗ ಎಡವುವುದು ಎಳೆ ನೊಣದಲ್ಲಿ. ಆಗಷ್ಟೇ ಹೊರಬಂದದ್ದು ಯಾವ ತಳಿಯದಾದರೂ ಬಿಳಿಚು; ರೆಕ್ಕೆ ಮುದುಡಿರುತ್ತದೆ, ಹೊಟ್ಟೆಯೊಳಗಿನ ಕಪ್ಪು ಚುಕ್ಕೆ ಹೊರಗೇ ಕಾಣುತ್ತದೆ. ಅದನ್ನು ಕಂದಿನ ಪಟ್ಟಿಗೆ ಸೇರಿಸಬೇಡಿ, ಕೆಲವು ಗಂಟೆ ಬಿಟ್ಟು ನೋಡಿ. ಎಬೊನಿಯ ಒಂದೇ ಕೆಟ್ಟ ಪ್ರತಿ ಇರುವ ನೊಣ ಕೊಂಚ ಮಬ್ಬಾಗಿರಬಹುದು, ಅದೂ ಕಂದೇ. ಮರಿಗಳು ಹೊರಬರುವ ಮೊದಲೇ ತಂದೆತಾಯಿ ನೊಣಗಳನ್ನು ತೆಗೆದುಬಿಡಿ. ಬಾಟಲಿ ಇಕ್ಕಟ್ಟಾದರೆ ಕಪ್ಪು ನೊಣಗಳೇ ಹೆಚ್ಚು ಸತ್ತು ಲೆಕ್ಕ ವಾಲಬಹುದು.

ಆ 118ರಲ್ಲಿ ಯಾವುದು ಬ್ಲ್ಯಾಕ್, ಯಾವುದು ಎಬೊನಿ ಎಂದು ಕಣ್ಣಳತೆಯಲ್ಲಿ ಹೇಳುವ ಸಾಹಸ ಬೇಡ. ಒಂದು ಕಪ್ಪು ಗಂಡನ್ನು ಎರಡೂ ಶುದ್ಧ ತಳಿಗಳ, ಇನ್ನೂ ಗಂಡಿನೊಡನೆ ಕೂಡದ ಹೆಣ್ಣುಗಳ ಜೊತೆ ಬೇರೆ ಬೇರೆ ಬಾಟಲಿಯಲ್ಲಿ ಬಿಡಿ. ಯಾವ ತಳಿಯೊಡನೆ ಮರಿಗಳೆಲ್ಲ ಕಪ್ಪೋ ಅದು ಆ ತಳಿಯದು. ಎರಡರಲ್ಲೂ ಎಲ್ಲ ಕಪ್ಪಾದರೆ, ಎರಡೂ ಜೀನು ಕೆಟ್ಟ ಆ ಏಳರಲ್ಲೊಂದು ನಿಮ್ಮ ಕೈಗೆ ಸಿಕ್ಕಿದೆ.