ವಿಕಿಸೋರ್ಸ್ ಮೊದಮೊದಲು ಬೆಳೆದ ಬಗೆ

"ವಿಕಿಸೋರ್ಸ್ ಶುರುವಿನಲ್ಲಿ ಅಷ್ಟು ಬೇಗ ಹೇಗೆ ಬೆಳೆಯಿತು? ಸಂಬಳವೇ ಇಲ್ಲದೆ ಇಷ್ಟೊಂದು ಭಾಷೆಗಳ ಪುಸ್ತಕಗಳನ್ನು ಯಾರು ಹಾಕಿದರು?" ಅಂತ ಕೇಳಿದ್ದೀರಿ. ವಿಕಿಸೋರ್ಸ್ ಅಂದರೆ ವಿಕಿಪೀಡಿಯದ ಸೋದರ ತಾಣ, ಹಕ್ಕುಸ್ವಾಮ್ಯದ ತೊಡಕಿಲ್ಲದ ಪುಸ್ತಕಗಳನ್ನು ಸ್ವಯಂಸೇವಕರು ಹಾಕುವ ಉಚಿತ ಗ್ರಂಥಾಲಯ.

ನಾನು ಆ ಮೊದಲ ದಿನಗಳಲ್ಲಿ ಇದ್ದವನಲ್ಲ. ಬಹಳ ತಡವಾಗಿ ಬಂದು ಕನ್ನಡದ ಪುಟಗಳಲ್ಲಿ ಕಾಗುಣಿತ ತಿದ್ದುತ್ತಾ ಕೂತವನು. ಆದರೆ ಅಲ್ಲಿನ ಹಳೇ ಚರ್ಚೆಗಳು ಇನ್ನೂ ಓದಲು ಸಿಗುತ್ತವೆ. ನಿದ್ದೆ ಬಾರದ ರಾತ್ರಿ ಅವನ್ನು ಓದೋದು ನನಗೊಂದು ಚಟ.

ಶುರುವಾಗಿದ್ದು 2003ರ ನವೆಂಬರ್ 24ರಂದು. ಆಗ ಅದರ ಹೆಸರು ಪ್ರಾಜೆಕ್ಟ್ ಸೋರ್ಸ್‌ಬರ್ಗ್. 1971ರಿಂದಲೇ ಪುಸ್ತಕಗಳನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದ ಪ್ರಾಜೆಕ್ಟ್ ಗುಟೆನ್‌ಬರ್ಗ್ ಹೆಸರನ್ನು ತಿರುಚಿ ಮಾಡಿದ ತಮಾಷೆ ಅದು. ಬರ್ಗ್ ಅಂದಮೇಲೆ ಐಸ್‌ಬರ್ಗ್ ಇರಬೇಕಲ್ವಾ, ಅದರ ಫೋಟೋನೇ ಲೋಗೋ ಆಯಿತು. ಎರಡು ವಾರ ತುಂಬುವ ಮೊದಲೇ, ಡಿಸೆಂಬರ್ 6ಕ್ಕೆ, ಹೆಸರು ವಿಕಿಸೋರ್ಸ್ ಅಂತ ಬದಲಾಯಿತು. ಮಂಜುಗಡ್ಡೆ ಮಾತ್ರ ಇವತ್ತಿಗೂ ಕರಗಿಲ್ಲ.

ಇರೋಕೆ ಸ್ವಂತ ವಿಳಾಸವೂ ಇರಲಿಲ್ಲ. ವಿಕಿಪೀಡಿಯದೊಳಗೆ 'ಪಿಎಸ್' ಅನ್ನೋ ಎರಡಕ್ಷರದ ವಿಳಾಸದಲ್ಲಿ ಬಿಡಾರ ಹೂಡಿದರು. 'ಪ್ರೈಮರಿ ಸೋರ್ಸಸ್' (ಮೂಲ ಆಕರಗಳು) ಅಂತಲೋ 'ಪ್ರಾಜೆಕ್ಟ್ ಸೋರ್ಸ್‌ಬರ್ಗ್' ಅಂತಲೋ ಅಂದುಕೊಂಡಿದ್ದರು. ಆದರೆ ವಿಕಿಪೀಡಿಯದ ವಿಳಾಸಗಳಲ್ಲಿ ಅದು ಪಶ್ತೋ ಭಾಷೆಯ ಸಂಕೇತ! ಎಲ್ಲ ಭಾಷೆಗಳ ಗ್ರಂಥಾಲಯ ಕಟ್ಟೋಕೆ ಹೊರಟವರು ಮೊದಲು ಮಾಡಿದ್ದು ಒಂದು ಭಾಷೆಯ ಮನೆಯಲ್ಲಿ ಹೋಗಿ ಕೂತಿದ್ದು.

ಬೆಳವಣಿಗೆಗೆ ಬರೋಣ. ಮೊದಲ ಎರಡು ವಾರಕ್ಕೇ ಸಾವಿರ ಪುಟ ದಾಟಿತು. ಅದರಲ್ಲಿ ನಿಜವಾದ ಪಠ್ಯ ಅನ್ನಿಸಿಕೊಂಡಿದ್ದು ಸುಮಾರು 200. 2004ರ ಜುಲೈ ಹೊತ್ತಿಗೆ 2400 ಪಠ್ಯಗಳು, 500ಕ್ಕೂ ಜಾಸ್ತಿ ಸದಸ್ಯರು. 2005ರ ಏಪ್ರಿಲ್ ಕೊನೆಗೆ ಹೆಚ್ಚುಕಡಿಮೆ 19,000. ಕೇಳೋಕೆ ಭರ್ಜರಿಯಾಗಿದೆ. ಆದರೆ ಬೇರೆ ಕಡೆ ಆಗಲೇ ಟೈಪ್ ಆಗಿದ್ದನ್ನು ತಂದು ಅಂಟಿಸೋದು ಸುಲಭ. ಕವಿತೆ, ಭಾಷಣ, ಸಂವಿಧಾನ ಬಂದವು, ಜೊತೆಗೆ ಗಣಿತದ ಕೋಷ್ಟಕ, ಪ್ರೋಗ್ರಾಂ ಕೋಡ್ ಕೂಡ. ನನ್ನ ಪ್ರಕಾರ ಅದು ರಾಶಿ ಬೆಳೆದ ಕಾಲ. ಕಣದಲ್ಲಿ ಜೊಳ್ಳೂ ಇತ್ತು.

ಎಲ್ಲ ಭಾಷೆಗಳೂ ಒಂದೇ ಸೂರಿನಡಿ ಇದ್ದವು. ಮೊದಲು ಬೇರೆ ಮನೆ ಮಾಡಿದ್ದು ಹೀಬ್ರೂ, 2004ರ ಆಗಸ್ಟ್‌ನಲ್ಲಿ. ಬಲದಿಂದ ಎಡಕ್ಕೆ ಬರೆಯುವ ಭಾಷೆ, ಎಡದಿಂದ ಬಲಕ್ಕೆ ಕಟ್ಟಿದ ಮನೆಯಲ್ಲಿ ಎಷ್ಟು ದಿನ ಇದ್ದೀತು? ಒಟ್ಟಿಗೇ ಇರೋಣ ಅನ್ನುವವರೂ ಇದ್ದರು. ವಾದ ನಡೆದು, ಮತ ಹಾಕಿ, 2005ರ ಆಗಸ್ಟ್ 23ರಂದು 14 ಭಾಷೆಗಳಿಗೆ ಬೇರೆ ಬೇರೆ ತಾಣ ಮಾಡಿದರು. ಆ ಮೊದಲ ಕಂತಿನಲ್ಲಿ ಇಂಗ್ಲಿಷೇ ಇರಲಿಲ್ಲ! ಅದರ ಸರದಿ ಬಂದಿದ್ದು ಸೆಪ್ಟೆಂಬರ್‌ನಲ್ಲಿ. ಅದಕ್ಕೂ ಮುಂಚೆ ಸಾವಿರಾರು ಪುಟಗಳನ್ನು ಯಾವುದು ಯಾವ ಭಾಷೆಯದ್ದು ಅಂತ ಸ್ವಯಂಸೇವಕರೇ ಕೂತು ಕೈಯಾರೆ ಬೇರ್ಪಡಿಸಿದರು. ಮನೆ ಪಾಲಾಗುವಾಗ ಪಾತ್ರೆಪಗಡೆ ಎಣಿಸಿ ಇಟ್ಟ ಹಾಗೆ. ಹಳೇ ದೊಡ್ಡಮನೆಯನ್ನು ಮಾತ್ರ ಕೆಡವಲಿಲ್ಲ. ಇನ್ನೂ ಸ್ವಂತ ತಾಣ ಸಿಗದ ಭಾಷೆಗಳು ಈಗಲೂ ಅಲ್ಲೇ ಬೆಳೆಯುತ್ತವೆ.

ನನಗೆ ಇದಕ್ಕಿಂತ ದೊಡ್ಡದು ಅನ್ನಿಸೋದು ಆಮೇಲೆ ಬಂದ ಬದಲಾವಣೆ. ವಿಕಿಪೀಡಿಯದಲ್ಲಿ ತಪ್ಪು ಕಂಡರೆ ತಿಳಿದವರು ತಿದ್ದಬಹುದು. ಹಳೇ ಕವಿತೆಯ ಪದ ಸರಿಯೋ ತಪ್ಪೋ ಅಂತ ಯಾರ ತಿಳುವಳಿಕೆಯಿಂದಲೂ ಹೇಳೋಕಾಗಲ್ಲ. ಅಚ್ಚಾದ ಪುಟವನ್ನೇ ನೋಡಬೇಕು. ಹಾಗಾಗಿ ಪಠ್ಯದ ಪಕ್ಕದಲ್ಲೇ ಸ್ಕ್ಯಾನ್ ಮಾಡಿದ ಪುಟ ತೋರಿಸುವ ತಂತ್ರಾಂಶ ಬಂತು. ಸ್ಕ್ಯಾನ್ ಇರಲೇಬೇಕು ಅಂತ ಪಟ್ಟು ಹಿಡಿದವರಲ್ಲಿ ಜರ್ಮನ್ ಬಳಗ ಮುಂದಿತ್ತು. ಒಬ್ಬರು ಪುಟವಿಡೀ ಹೋಲಿಸಿ ತಿದ್ದಿದರೆ ಆ ಪುಟಕ್ಕೆ ಹಳದಿ ಗುರುತು. ಇನ್ನೊಬ್ಬರು ಮತ್ತೆ ನೋಡಿ ಒಪ್ಪಿದರೆ ಹಸಿರು. ಎರಡನ್ನೂ ಒಬ್ಬರೇ ಮಾಡೋಕೆ ತಂತ್ರಾಂಶ ಬಿಡಲ್ಲ. ಬೆಳವಣಿಗೆ ನಿಧಾನ ಆಯಿತು ಅಂತ ಗೊಣಗಿದವರೂ ಇದ್ದಾರು. ನನಗಂತೂ ಅಲ್ಲಿಂದಲೇ ಅದು ಗ್ರಂಥಾಲಯ.

ಕನ್ನಡದಲ್ಲಿ ಈ ಕೆಲಸ ಹೇಗಿರುತ್ತೆ ಅಂದರೆ, ಚಿತ್ರದಿಂದ ಅಕ್ಷರ ಗುರುತಿಸುವ ಯಂತ್ರಕ್ಕೆ ಅರ್ಕಾವತ್ತು ಒಂಬತ್ತರ ಹಾಗೆ ಕಾಣುತ್ತೆ. ಹಳೇ ಅಚ್ಚಿನ 'ಧರ್ಮ' ತೆರೆಯ ಮೇಲೆ 'ಧಮ೯' ಆಗುತ್ತೆ. 'ವು' ಹೋಗಿ 'ಮ' ಆಗಿರುತ್ತೆ. ಸೊನ್ನೆ ಯಾವುದು, ಅಂಕಿ ಯಾವುದು ಅದಕ್ಕೆ ಗೊತ್ತಾಗಲ್ಲ. ಶುರುವಿನಲ್ಲಿ ಒಂದು ಪುಟಕ್ಕೆ ನನಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಒಮ್ಮೆ ಪುಸ್ತಕದಲ್ಲಿ 'ಯೆಲ್ಲಾ' ಅಂತ ಇದ್ದದ್ದನ್ನೆಲ್ಲ ಜಾಣತನದಿಂದ 'ಎಲ್ಲಾ' ಅಂತ ತಿದ್ದಿಬಿಟ್ಟೆ. ಮರುದಿನ ಯಾರೋ ಅಷ್ಟನ್ನೂ ವಾಪಸ್ ಹಾಕಿ, ಪುಸ್ತಕದಲ್ಲಿ ಹೇಗಿದೆಯೋ ಹಾಗೇ ಇರಲಿ ಅಂತ ಬರೆದಿದ್ದರು. ಅವಮಾನ ಆಯಿತು, ಆದರೆ ಅವರು ಹೇಳಿದ್ದೇ ಸರಿ.

ಕುವೆಂಪು ಯಾಕಿಲ್ಲ ಅಂತ ನೀವು ಮುಂದೆ ಕೇಳಬಹುದು. ನಮ್ಮಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ ಎಣಿಸಿ 60 ವರ್ಷ ಹಕ್ಕುಸ್ವಾಮ್ಯ ಇರುತ್ತೆ. ಅವರು ಹೋಗಿದ್ದು 1994ರಲ್ಲಿ, ಅಂದರೆ 2055ರವರೆಗೆ ಕಾಯಬೇಕು. ಹಕ್ಕುಳ್ಳವರೇ ಬಿಟ್ಟುಕೊಟ್ಟರೆ ಬೇರೆ ಮಾತು. 2014ರಲ್ಲಿ ನಿರಂಜನರ 55 ಪುಸ್ತಕಗಳು ಹಾಗೇ ಕ್ರಿಯೇಟಿವ್ ಕಾಮನ್ಸ್ ಅನ್ನೋ, ಯಾರು ಬೇಕಾದರೂ ಹಂಚಬಹುದಾದ ಮುಕ್ತ ಪರವಾನಗಿಗೆ ಬಂದವು.

ಯಾರು ಹಾಕಿದರು ಅಂದಿರಲ್ಲ, ನನ್ನಂಥವರೇ. ಊಟ ಆದಮೇಲೆ ಒಂದು ಪುಟ, ಬಸ್ಸು ತಡವಾದರೆ ಇನ್ನೊಂದು. ನಾನು ಹಳದಿ ಮಾಡಿಟ್ಟ ಪುಟಗಳಲ್ಲಿ ಸುಮಾರು ಇನ್ನೂ ಹಳದಿಯಾಗೇ ಇವೆ. ನಾನು ಅವನ್ನು ಹಸಿರು ಮಾಡುವ ಹಾಗಿಲ್ಲ. ನಿಮಗೆ ಬಿಡುವಿದ್ದರೆ ನೋಡಿ.