ಡ್ಯೂಟಿಯೊಳಗಿದ್ದಾಗ ಕಾಲು ಹೋದ್ರ ಸರ್ಕಾರಿ ನೌಕರಿಯಿಂದ ತೆಗಿಬಹುದಾ? ಅಂಗವಿಕಲರ ಕಮಿಷನರ್ ಹತ್ರ ನ್ಯಾಯ ಸಿಗ್ತೈತಾ?

ತೆಗಿಯಾಕ ಬರಂಗಿಲ್ರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸೆಕ್ಷನ್ 20(4) ನೋಡ್ರಿ, ಸರ್ವಿಸ್‌ನ್ಯಾಗ ಅಂಗವೈಕಲ್ಯ ಬಂದ್ರ ತೆಗಿಯೂದು, ರ‍್ಯಾಂಕ್ ಇಳಸೂದು ಎರಡೂ ನಡಿಯಂಗಿಲ್ಲ, ಆ ಕೆಲ್ಸ ಆಗ್ಲಿಲ್ಲಂದ್ರ ಅದೇ ಪಗಾರಕ್ಕ ಬ್ಯಾರೆ ಹುದ್ದೆ, ಅದೂ ಖಾಲಿ ಇಲ್ಲಂದ್ರ ಹೆಚ್ಚುವರಿ ಹುದ್ದೆ ಮಾಡಿಯಾದ್ರೂ ಇಟ್ಕೋಬೇಕು. ಪ್ರೈವೇಟ್‌ನ್ಯಾಗ ಇಷ್ಟು ಗಟ್ಟಿ ರಕ್ಷಣೆ ಇಲ್ಲ ಬಿಡ್ರಿ.

ಬಾಗಲಕೋಟ್ಯಾಗ ನಮ್ಮ ಮಾಮಾಗ ಹಿಂಗಾದಾಗ ಆಫೀಸ್‌ನ್ಯಾಗ ಬರೇ ಬಾಯಿಲೆ 'ವಿಆರ್‌ಎಸ್ (ಸ್ವಯಂ ನಿವೃತ್ತಿ) ತಗೋರಿ' ಅಂದ್ರು, ಬರದು ಕೊಡ್ರಿ ಅಂದ್ರ ಯಾರೂ ಕೊಡವಲ್ರು! ಇವರು ಊರಗೋಲು ಹಿಡ್ಕೊಂಡು ಎರಡನೇ ಮಾಳಗಿ ಹತ್ತಿ ಅರ್ಜಿ ಕೊಟ್ಟು, ತಮ್ಮ ಕಾಪಿ ಮ್ಯಾಲೆ ತಾರೀಖು, ಸಿಕ್ಕಾ ಹಾಕಿಸ್ಕೊಂಡೇ ಇಳದ್ರು, ಮುಂದ ಕೆಲ್ಸಕ್ಕ ಬಂದಿದ್ದು ಆ ಸಿಕ್ಕಾನೇ.

ಮೊದಲ ನಿಮ್ಮ ಇಲಾಖೆ ಕುಂದುಕೊರತೆ ಅಧಿಕಾರಿಗೆ ಬರೀರಿ, ಆಗ್ಲಿಲ್ಲಂದ್ರ ಬೆಂಗಳೂರಿನ ರಾಜ್ಯ ಕಮಿಷನರ್‌ಗೆ. ನ್ಯಾಯ ಅಂತೀರಲ್ಲ, ಸಾಕ್ಷಿ ಕರಸಾಕ, ಕಾಗದ ತರಸಾಕ ಅವರಿಗೆ ಸಿವಿಲ್ ಕೋರ್ಟಿನ ಪವರ್ ಐತಿ ಖರೆ, ಆದ್ರ ಕೊನೀಗೆ ಕೊಡೂದು ಶಿಫಾರಸು, ಹಲ್ಲಿಲ್ಲದ ಹಾವು ಅಂತ ನನಗ ಅನಸ್ತೈತಿ. ಆದ್ರೂ ಹೋಗ್ರಿ, ಯಾಕಂದ್ರ ಇಲಾಖೆ ಒಪ್ಪಲಿಲ್ಲಂದ್ರ 3 ತಿಂಗಳೊಳಗ ಕಾರಣ ನಿಮಗೂ ತಿಳಸಬೇಕು, ಆ ಕಾಗದ ಹಿಡ್ಕೊಂಡು ರಾಜ್ಯ ಸರ್ಕಾರಿ ನೌಕರರು ಮೊದಲ ಕೆಎಸ್‌ಎಟಿಗೆ (ನೌಕರಿ ತಕರಾರು ಕೇಳೋ ರಾಜ್ಯ ಆಡಳಿತ ನ್ಯಾಯಮಂಡಳಿ) ಹೋಗಬಹುದು, ಅಲ್ಲೂ ಆಗ್ಲಿಲ್ಲಂದ್ರ ಧಾರವಾಡ ಹೈಕೋರ್ಟ್ ಪೀಠಕ್ಕ, ವಿಜಯಪುರದವ್ರಾದ್ರ ಕಲಬುರಗಿ ಪೀಠಕ್ಕ.